ಒಂದೇ ಚೀಟಿ, ಎರಡು ಗುಳಿಗೆ: ಆತಂಕದ ಔಷಧದಲ್ಲಿ ನಾವು ಎಡವುತ್ತಿರುವುದು ಎಲ್ಲಿ

ನಮ್ಮ ಚಿಗವ್ವ ತವರಿಗೆಂದು ಅಕ್ಕಲಕೋಟೆಗೆ ಹೊರಟಾಗ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಂಡಿದ್ದಳು. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಅಣ್ಣನ ಮೊಮ್ಮಕ್ಕಳಿಗೆ ಅಂಗಿ. ಮರೆತದ್ದು ಒಂದೇ, ದಿಂಬಿನ ಕೆಳಗಿದ್ದ ಗುಳಿಗೆಯ ಸ್ಟ್ರಿಪ್. ‘ನಾಲ್ಕ್ ದಿನದ ಮಾತು, ನಡೀತದ ಬಿಡು’ ಅಂದುಕೊಂಡಳಂತೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ದಿನ ಕೈ ನಡುಗತೊಡಗಿತು, ಮೈಯೆಲ್ಲ ಬೆವರು, ಪಾತ್ರೆ ಬಿದ್ದ ಸದ್ದಿಗೂ ಬೆಚ್ಚಿ ಬೀಳುತ್ತಿದ್ದಳು. ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದಳು. ಅವಳಿಗೆ ಅಲ್ಲಿವರೆಗೆ ಯಾವತ್ತೂ ಫಿಟ್ಸ್ ಬಂದಿರಲಿಲ್ಲ.

ಮನೆಯವರು ಬಿಸಿಲು ಅಂದರು, ಸಕ್ಕರೆ ಕಾಯಿಲೆ ಅಂದರು, ಇನ್ನೊಬ್ಬರು ದೇವರ ಕಾಟ ಅಂದರು. ದವಾಖಾನೆಯ ಡಾಕ್ಟರು ಮಾತ್ರ ಒಂದೇ ಪ್ರಶ್ನೆ ಕೇಳಿದರು. ‘ದಿನಾ ತೊಗೊಳ್ಳೋ ಗುಳಿಗೆ ಯಾವುದಾದರೂ ನಿಲ್ಲಿಸಿದ್ದೀರಾ?’

ಅದರ ಹೆಸರು ಅಲ್ಪ್ರಾಜೋಲಮ್. ಆರು ವರ್ಷದ ಹಿಂದೆ ಕಾಕಾ ತೀರಿಕೊಂಡಾಗ ಚಿಗವ್ವನಿಗೆ ನಿದ್ದೆ ಹೋಗಿತ್ತು, ಎದೆ ಡವಡವ ಅನ್ನುತ್ತಿತ್ತು. ಕಲಬುರಗಿಯ ಒಬ್ಬ ಡಾಕ್ಟರು ಹದಿನೈದು ದಿನಕ್ಕೆಂದು ಬರೆದುಕೊಟ್ಟಿದ್ದರು. ಹದಿನೈದು ದಿನ ಆರು ವರ್ಷವಾಯಿತು. ಮೊದಲು ರಾತ್ರಿಗೆ ಒಂದು, ಆಮೇಲೆ ಬೆಳಿಗ್ಗೆಗೂ ಒಂದು, ಕೊನೆಗೆ ದಿನಕ್ಕೆ ನಾಲ್ಕು. ಮೊದಮೊದಲು ಮಡಿಚಿ ಮಡಿಚಿ ಹರಿದ ಹಳೆಯ ಚೀಟಿ ತೋರಿಸುತ್ತಿದ್ದಳು. ಆಮೇಲೆ ಅದೂ ಬೇಕಾಗಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಿತ್ತು.

ಆದರೆ ಆ ಹಳೆಯ ಚೀಟಿಯನ್ನು ನಾನು ಬಿಡಿಸಿ ನೋಡಿದಾಗ ಅದರಲ್ಲಿ ಎರಡು ಗುಳಿಗೆಗಳಿದ್ದವು. ಎರಡನೆಯದು ಎಸ್ಸಿಟಾಲೊಪ್ರಾಮ್. ಅದರ ಮುಂದೆ ಡಾಕ್ಟರು ‘ಮುಂದುವರಿಸಿ’ ಎಂದು ಬರೆದಿದ್ದರು. ಚಿಗವ್ವ ಅದನ್ನು ಹತ್ತೇ ದಿನಕ್ಕೆ ಬಿಟ್ಟಿದ್ದಳು. ‘ಅದು ತೊಗೊಂಡ್ರ ಹೊಟ್ಟಿ ತೊಳಸ್ತಿತ್ತವ್ವಾ, ಏನೂ ಗುಣ ಕಾಣಲಿಲ್ಲ’ ಅಂದಳು. ಹಿಡಿಯಬೇಕಾದ ಗುಳಿಗೆಯನ್ನು ಬಿಟ್ಟು, ಬಿಡಬೇಕಾದ ಗುಳಿಗೆಯನ್ನು ಹಿಡಿದುಕೊಂಡಿದ್ದಳು. ಇದು ಅವಳೊಬ್ಬಳ ತಪ್ಪಲ್ಲ. ಆಮೇಲೆ ನಾನು ನೆಂಟರಲ್ಲಿ, ಅಕ್ಕಪಕ್ಕದಲ್ಲಿ ಕೇಳುತ್ತ ಹೋದಂತೆ ಇದೇ ಕಥೆ ಬೇರೆ ಬೇರೆ ಹೆಸರಿನಲ್ಲಿ ಸಿಕ್ಕಿತು. ಆತಂಕಕ್ಕೆ ಗುಳಿಗೆ ತೆಗೆದುಕೊಳ್ಳುವುದು ಅಪಾಯವಲ್ಲ. ಯಾವ ಗುಳಿಗೆ ಎಷ್ಟು ದಿನಕ್ಕೆ ಎಂದು ಗೊತ್ತಿಲ್ಲದೆ ತೆಗೆದುಕೊಳ್ಳುವುದು ಅಪಾಯ.

ಮುಂದೆ ಓದುವ ಮೊದಲು ಒಂದು ಮಾತು. ನೀವು ಇಂಥ ಗುಳಿಗೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ಬಿಟ್ಟುಬಿಡಬೇಡಿ. ಚಿಗವ್ವನಿಗೆ ಆದದ್ದು ಗುಳಿಗೆ ತಿಂದದ್ದರಿಂದಲ್ಲ, ತಟ್ಟನೆ ನಿಂತದ್ದರಿಂದ.

ಬೇಗದ ಗುಳಿಗೆ, ನಿಧಾನದ ಗುಳಿಗೆ

ಅಲ್ಪ್ರಾಜೋಲಮ್, ಕ್ಲೋನಜೆಪಾಮ್, ಲೊರಜೆಪಾಮ್, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್. ಇವೆಲ್ಲ ಒಂದೇ ಮನೆತನದವು. ಬೆಂಜೊಡಯಜೆಪೀನ್ ಎನ್ನುತ್ತಾರೆ. ನಮ್ಮ ಮಿದುಳಿನಲ್ಲಿ ಗ್ಯಾಬಾ ಎಂಬ ರಾಸಾಯನಿಕವಿದೆ. ಅದರ ಕೆಲಸ ನರಗಳ ಗದ್ದಲವನ್ನು ತಣ್ಣಗೆ ಮಾಡುವುದು. ಈ ಗುಳಿಗೆಗಳು ಆ ಕೆಲಸಕ್ಕೆ ಜೋರು ಕೊಡುತ್ತವೆ. ಅದಕ್ಕೇ ಅರ್ಧ ತಾಸು, ಒಂದು ತಾಸಿನಲ್ಲಿ ಎದೆಬಡಿತ ಇಳಿಯುತ್ತದೆ, ನಿದ್ದೆ ಬರುತ್ತದೆ. ಗಾಬರಿಯಲ್ಲಿ ಒದ್ದಾಡುವವರಿಗೆ ಆ ಅರ್ಧ ತಾಸು ಎಷ್ಟು ದೊಡ್ಡದು ಎಂದು ಅನುಭವಿಸಿದವರಿಗೇ ಗೊತ್ತು. ಅದನ್ನು ಹಗುರ ಮಾಡಿ ಮಾತಾಡುವುದು ಬೇಡ.

ತೊಂದರೆ ಆಮೇಲೆ ಶುರುವಾಗುತ್ತದೆ. ಹೊರಗಿನಿಂದ ದಿನಾ ಜೋರು ಸಿಗುತ್ತಿದ್ದರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಕೆಲವೇ ವಾರದಲ್ಲಿ ಅದೇ ಗುಳಿಗೆ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಒಂದು ಇದ್ದದ್ದು ಎರಡಾಗುತ್ತದೆ. ತಟ್ಟನೆ ತೆಗೆದರೆ ಅದುಮಿಟ್ಟ ಗದ್ದಲವೆಲ್ಲ ಒಮ್ಮೆಲೇ ಏಳುತ್ತದೆ. ನಿದ್ದೆ ಇಲ್ಲ, ನಡುಕ, ಬೆವರು, ಮೊದಲಿಗಿಂತ ಜಾಸ್ತಿ ಗಾಬರಿ, ಕೆಲವರಿಗೆ ಫಿಟ್ಸ್. ಅಲ್ಪ್ರಾಜೋಲಮ್‌ನಲ್ಲಿ ಇದು ಬೇಗ ಕಾಣಿಸುತ್ತದೆ. ಯಾಕೆಂದರೆ ಸುಮಾರು ಹನ್ನೊಂದು ಹನ್ನೆರಡು ತಾಸಿಗೆ ಅದರ ಅರ್ಧ ಭಾಗ ಮೈಯಿಂದ ಹೊರಗೆ ಹೋಗಿರುತ್ತದೆ. ಕ್ಲೋನಜೆಪಾಮ್‌ಗೆ ಅದೇ 30ರಿಂದ 40 ತಾಸು ಬೇಕು. ಹಾಗಾಗಿ ಅದನ್ನು ಬಿಟ್ಟವರಿಗೆ ತೊಂದರೆ ಕೆಲವು ದಿನ ತಡವಾಗಿ ಬರಬಹುದು. ಆಗ ಬಿಟ್ಟ ಗುಳಿಗೆಯ ನೆನಪೇ ಯಾರಿಗೂ ಬರುವುದಿಲ್ಲ. ಈ ಗುಳಿಗೆಗಳನ್ನು ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಎಳೆಯಬಾರದು ಎಂಬುದು ಬಹುಕಾಲದಿಂದ ಇರುವ ವೈದ್ಯಕೀಯ ಸಲಹೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಇಡೀ ಮನೆತನದ ಮೇಲೆ ಅವಲಂಬನೆಯ ಬಗ್ಗೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು.

ಇನ್ನೊಂದು ಮನೆತನ ಎಸ್ಸಿಟಾಲೊಪ್ರಾಮ್, ಸರ್ಟ್ರಾಲೀನ್, ಪ್ಯಾರಾಕ್ಸೆಟೀನ್ ಇವುಗಳದು. ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಆತಂಕದ ಕಾಯಿಲೆಗೆ ದೀರ್ಘಕಾಲದ ಚಿಕಿತ್ಸೆ ಅಂದರೆ ಮೊದಲು ಇವೇ. ಆದರೆ ಇವು ನಿಧಾನ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಅದಕ್ಕಿಂತ ಕಷ್ಟದ ವಿಷಯ ಅಂದರೆ ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಚಡಪಡಿಕೆ ಬರಬಹುದು. ಕೆಲವರಿಗೆ ಆತಂಕವೇ ಸ್ವಲ್ಪ ಜಾಸ್ತಿ ಆದಂತೆ ಅನಿಸುತ್ತದೆ.

ಈಗ ಆ ಚೀಟಿಯನ್ನು ಮತ್ತೆ ನೋಡಿ. ನಿಧಾನದ ಗುಳಿಗೆ ಕೈ ಹಿಡಿಯುವವರೆಗೆ ನಡುವಿನ ಕಷ್ಟದ ದಿನಗಳನ್ನು ದಾಟಿಸಲಿ ಎಂದೇ ಡಾಕ್ಟರು ಬೇಗದ ಗುಳಿಗೆಯನ್ನು ಜೊತೆಗೆ ಬರೆಯುತ್ತಾರೆ. ಹಳ್ಳ ದಾಟಲು ಹಾಕಿದ ಹಲಗೆ ಅದು. ಆದರೆ ತೆಗೆದುಕೊಳ್ಳುವವರಿಗೆ ಕಾಣುವುದೇನು? ಒಂದು ಗುಳಿಗೆ ತಿಂದ ದಿನವೇ ಹಾಯ್ ಅನಿಸುತ್ತದೆ. ಇನ್ನೊಂದು ಹೊಟ್ಟೆ ತೊಳಸುತ್ತದೆ. ಯಾರಾದರೂ ಯಾವುದನ್ನು ಇಟ್ಟುಕೊಳ್ಳುತ್ತಾರೆ ಹೇಳಿ? ಚೀಟಿ ಕೊಡುವಾಗ ಈ ಎರಡು ವಾಕ್ಯಗಳನ್ನು ಬಿಡಿಸಿ ಹೇಳಿದ್ದರೆ ಚಿಗವ್ವ ಆರು ವರ್ಷ ಕಳೆದುಕೊಳ್ಳುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯದು ಪ್ರೊಪ್ರನೊಲಾಲ್. ಎದೆಬಡಿತ, ಕೈನಡುಕ ಕಡಿಮೆ ಮಾಡುತ್ತದೆ. ಸಂದರ್ಶನ, ವೇದಿಕೆ ಅಂಥ ಭಯಕ್ಕೆ ಕೆಲವೊಮ್ಮೆ ಕೊಡುತ್ತಾರೆ. ಅಸ್ತಮಾ ಇದ್ದವರಿಗೆ ಇದು ಉಸಿರು ಕಟ್ಟಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗ ಬರುವ ಎದೆಬಡಿತದ ಸೂಚನೆಯನ್ನೇ ಮುಚ್ಚಿಹಾಕುತ್ತದೆ. ಗೆಳೆಯರ ಹತ್ತಿರ ಇದೆ ಎಂದು ಪರೀಕ್ಷೆಯ ದಿನ ಇಸಿದುಕೊಂಡು ತಿನ್ನುವ ಗುಳಿಗೆ ಇದಲ್ಲ.

‘ಏನೂ ಇಲ್ಲ, ಟೆನ್ಷನ್ ಅಷ್ಟೇ’

ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆ ಆತಂಕವನ್ನು ಆತಂಕ ಎಂದು ಯಾರೂ ಹೇಳುವುದಿಲ್ಲ. ‘ಎದಿ ಹಾರ್ತದ’, ‘ಜೀವ ಝಲ್ ಅಂತದ’, ‘ಘಬರಾಟ ಆಗ್ತದ’ ಅನ್ನುತ್ತಾರೆ. ದಖ್ಖನಿ ಮಾತಾಡುವವರಿಗೆ ಅದು ಘಬ್ರಾಹಟ್. ಎಲ್ಲರೂ ಮೈಯ ಮಾತನ್ನೇ ಆಡುತ್ತಾರೆ. ಹಾಗಾಗಿ ಮೊದಲು ಹೋಗುವುದು ಎದೆಯ ಡಾಕ್ಟರ ಹತ್ತಿರ.

ಅದು ತಪ್ಪಲ್ಲ. ಎದೆ ಬಿಗಿದರೆ, ನೋವು ಕೈಗೆ ದವಡೆಗೆ ಹರಿದರೆ, ಅದರಲ್ಲೂ ನಲವತ್ತು ದಾಟಿದವರಾದರೆ ಮೊದಲು ಇಸಿಜಿ ಆಗಲೇಬೇಕು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, ಈಗ ಬೆಂಗಳೂರಿಗೆ ಓಡಬೇಕಿಲ್ಲ. ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹಾರುತ್ತದೆ, ತೂಕ ಇಳಿಯುತ್ತದೆ, ಕೈ ನಡುಗುತ್ತದೆ. ರಕ್ತ ಕಡಿಮೆ ಇದ್ದರೂ ಹಾಗೇ. ಅಸ್ತಮಾದ ಪಂಪ್‌ನಿಂದಲೂ ಎದೆ ಬಡಿದುಕೊಳ್ಳುತ್ತದೆ. ದಿನಕ್ಕೆ ಎಂಟು ಹತ್ತು ಕಪ್ ಚಹಾ ಕುಡಿಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವನ್ನೆಲ್ಲ ನೋಡದೆ ನೇರವಾಗಿ ಆತಂಕದ ಗುಳಿಗೆ ನುಂಗಿದರೆ ಒಳಗಿನ ಕಾಯಿಲೆ ಒಳಗೇ ಉಳಿಯುತ್ತದೆ.

ಎಡವುವುದು ಇದರ ನಂತರ. ಇಸಿಜಿ ಸರಿ ಇದೆ, ರಕ್ತ ಸರಿ ಇದೆ. ‘ಏನೂ ಇಲ್ಲ, ಟೆನ್ಷನ್ ಅಷ್ಟೇ. ರಾತ್ರಿ ಇದೊಂದು ತೊಗೊಳ್ರಿ.’ ಈ ‘ಏನೂ ಇಲ್ಲ’ ಎಂಬ ಮಾತಿನಲ್ಲೇ ಮುಂದಿನ ತೊಂದರೆ ಅಡಗಿದೆ. ಕಾಯಿಲೆಗೆ ಹೆಸರಿಲ್ಲ ಅಂದರೆ ಚಿಕಿತ್ಸೆಗೆ ಕೊನೆಯ ದಿನವೂ ಇಲ್ಲ. ಮತ್ತೆ ಬಂದು ತೋರಿಸಬೇಕು ಎಂದೂ ಅನಿಸುವುದಿಲ್ಲ. ಏನೂ ಇಲ್ಲದ್ದಕ್ಕೆ ಸುರಪುರದಿಂದಲೋ ಔರಾದಿನಿಂದಲೋ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಯಾರು ಬರುತ್ತಾರೆ? ಗುಳಿಗೆ ಊರಿನಲ್ಲೇ ಸಿಗುತ್ತದಲ್ವಾ.

ಆತಂಕ ಒಂದು ಕಾಯಿಲೆ. ಹೆಸರಿದೆ, ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನನಗೆ ನೋವಾಗುವುದು ಇಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಭಾಗದ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಗುಳಿಗೆ ಸಿಗುವಂತೆ ಮಾಡಿ ತೋರಿಸಿದರು. ಆ ದಾರಿಯನ್ನು ದೇಶಕ್ಕೆ ತೋರಿಸಿದ ಕಲ್ಯಾಣ ಕರ್ನಾಟಕದಲ್ಲೇ ಇವತ್ತೂ ಹಳೆಯ ಸ್ಟ್ರಿಪ್ ತೋರಿಸಿ ಗುಳಿಗೆ ಒಯ್ಯುತ್ತಿದ್ದೇವೆ.

ಕೆಂಪು ಅಕ್ಷರ

ಅಲ್ಪ್ರಾಜೋಲಮ್ ಸ್ಟ್ರಿಪ್ ಮನೆಯಲ್ಲಿದ್ದರೆ ತಿರುಗಿಸಿ ನೋಡಿ. ಕೆಂಪು ಬಣ್ಣದಲ್ಲಿ ಎನ್‌ಆರ್‌ಎಕ್ಸ್ (NRx) ಎಂದೋ ಆರ್‌ಎಕ್ಸ್ (Rx) ಎಂದೋ ಇರುತ್ತದೆ, ಡಾಕ್ಟರ ಚೀಟಿ ಬೇಕು ಎಂಬ ಗುರುತು ಅದು. ಕೆಂಪು ಚೌಕದೊಳಗೆ ಎಚ್ಚರಿಕೆಯೂ ಇರುತ್ತದೆ. ಅಲ್ಪ್ರಾಜೋಲಮ್, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ನೈಟ್ರಜೆಪಾಮ್ ಮತ್ತು ನಿದ್ದೆಯ ಗುಳಿಗೆ ಜೊಲ್ಪಿಡೆಮ್ ಇವು ಶೆಡ್ಯೂಲ್ ಎಚ್1 ಎಂಬ, ಬಿಗಿ ನಿಯಮದ ಔಷಧಗಳ ಪಟ್ಟಿಯಲ್ಲಿ ಬರುತ್ತವೆ. ಈ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೆಡಿಕಲ್ ಅಂಗಡಿಯವರು ಇವನ್ನು ಕೊಟ್ಟಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಡಾಕ್ಟರು ಮತ್ತೆ ಕೊಡಿ ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಕೊಡಬೇಕು.

ಕಾಗದದ ಮೇಲೆ ನಿಯಮ ಚೆನ್ನಾಗಿದೆ. ಕೌಂಟರಿನಲ್ಲಿ ನಿಂತು ನೋಡಿದರೆ ಬೇರೆ. ಅಂಗಡಿಯವರು ನಮ್ಮ ಓಣಿಯವರೇ ಆಗಿರುತ್ತಾರೆ. ‘ಅಣ್ಣಾ, ಅವ್ವಂದು ಅದೇ ಗುಳಿಗಿ’ ಅಂದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ. ಆದರೆ ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗುವುದನ್ನು ನಾವು ಬಿಡಬೇಕು. ಅವರು ಸತಾಯಿಸುತ್ತಿಲ್ಲ. ಚಿಗವ್ವನಿಗೆ ಆರು ವರ್ಷದಲ್ಲಿ ಒಬ್ಬರಾದರೂ ‘ಅವ್ವಾರ, ಹೊಸ ಚೀಟಿ ತರ್ರಿ’ ಅಂದಿದ್ದರೆ ಅವಳು ಅವತ್ತೇ ಡಾಕ್ಟರ ಹತ್ತಿರ ಹೋಗುತ್ತಿದ್ದಳು.

ಇನ್ನೊಂದು ಸಣ್ಣ ವಿಷಯ, ಆದರೆ ಆಗಾಗ ಆಗುವಂಥದ್ದು. 0.25 ಮಿಲಿಗ್ರಾಂ ಸ್ಟಾಕ್ ಇಲ್ಲ ಎಂದು 0.5 ಕೊಡುತ್ತಾರೆ. ಅದು ಎರಡು ಪಟ್ಟು. ಬ್ರ್ಯಾಂಡ್ ಹೆಸರು ಬದಲಾದರೂ ಮೋಸ ಹೋಗುತ್ತೇವೆ. ಒಬ್ಬ ಡಾಕ್ಟರು ಒಂದು ಕಂಪನಿಯ ಹೆಸರು ಬರೆದಿರುತ್ತಾರೆ, ಇನ್ನೊಬ್ಬರು ಬೇರೆ ಕಂಪನಿಯದು. ಒಳಗಿನ ಔಷಧ ಒಂದೇ. ಎರಡನ್ನೂ ನುಂಗುತ್ತೇವೆ. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರದ ಹೆಸರನ್ನು ಓದುವ ರೂಢಿ ಮಾಡಿಕೊಳ್ಳಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಜನೌಷಧಿ ಅಂಗಡಿಯಲ್ಲಿ ಈ ಸಣ್ಣ ಅಕ್ಷರದ ಹೆಸರಿನಲ್ಲೇ ಕಡಿಮೆ ಬೆಲೆಗೆ ಕೊಡುತ್ತಾರೆ.

ಗೊತ್ತಿಲ್ಲದೆ ಹೊಟ್ಟೆ ಸೇರುವುದು

‘ನಾನು ನಿದ್ದೆ ಗುಳಿಗೆ ತೊಗೊಳ್ಳೋದೇ ಇಲ್ಲ’ ಎನ್ನುವವರ ಹೊಟ್ಟೆಯಲ್ಲೂ ಇದು ಇರಬಹುದು. ನಮ್ಮ ದೇಶದಲ್ಲಿ ಎರಡು ಔಷಧ ಸೇರಿಸಿ ಒಂದೇ ಗುಳಿಗೆ ಮಾಡುವುದು ಜಾಸ್ತಿ. ಎಸ್ಸಿಟಾಲೊಪ್ರಾಮ್ ಮತ್ತು ಕ್ಲೋನಜೆಪಾಮ್ ಸೇರಿದ ಗುಳಿಗೆ ಎಲ್ಲ ಕಡೆ ಸಿಗುತ್ತದೆ. ತೆಗೆದುಕೊಳ್ಳಲು ಸಲೀಸು, ಆದರೆ ಹಲಗೆಯನ್ನೂ ಸೇತುವೆಯನ್ನೂ ಒಂದೇ ಮೊಳೆ ಹೊಡೆದು ಜೋಡಿಸಿದಂತೆ. ಬೇಗದ ಔಷಧವನ್ನು ತೆಗೆಯಲು ಹೋದರೆ ನಿಧಾನದ್ದೂ ಹೋಗುತ್ತದೆ. ನಿಧಾನದ್ದನ್ನು ಮುಂದುವರಿಸಿದರೆ ಬೇಗದ್ದೂ ವರ್ಷಗಟ್ಟಲೆ ನಡೆಯುತ್ತದೆ. ನಿಮ್ಮದು ಇಂಥ ಜೋಡಿ ಗುಳಿಗೆಯಾಗಿದ್ದರೆ, ಬೇರೆ ಬೇರೆ ಬರೆದುಕೊಡಲು ಆಗುತ್ತದಾ ಎಂದು ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹೊಟ್ಟೆನೋವು, ಗ್ಯಾಸ್ ಎಂದು ಕೊಡುವ ಕೆಲವು ಗುಳಿಗೆಗಳಲ್ಲಿ ಕ್ಲಿಡಿನಿಯಂ ಜೊತೆ ಕ್ಲೋರ್‌ಡಯಜೆಪಾಕ್ಸೈಡ್ ಇರುತ್ತದೆ. ಅದೂ ಅದೇ ಮನೆತನದ್ದು. ‘ಗ್ಯಾಸ್ ಗುಳಿಗೆ’ ಎಂದು ದಿನಾ ನುಂಗಿ, ಅದಿಲ್ಲದೆ ನಿದ್ದೆ ಬರುವುದಿಲ್ಲ ಎನ್ನುವವರು ಒಮ್ಮೆ ಸ್ಟ್ರಿಪ್ ಓದಬೇಕು.

ಮತ್ತೆ ಸೇಂದಿ. ಇದನ್ನು ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ, ನಮ್ಮ ಗಡಿ ಹಳ್ಳಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯಲ್ಲಿ ಅಲ್ಪ್ರಾಜೋಲಮ್, ಡಯಜೆಪಾಮ್, ಕ್ಲೋರಲ್ ಹೈಡ್ರೇಟ್ ಸಿಕ್ಕ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗಿವೆ. ಕ್ಲೋರಲ್ ಹೈಡ್ರೇಟ್ ಅಂದರೆ ಜನ ಸಿಎಚ್ ಪೌಡರ್ ಎನ್ನುತ್ತಾರಲ್ಲ, ಅದೇ. 2020ರ ಲಾಕ್‌ಡೌನಿನಲ್ಲಿ ಸೇಂದಿ, ಸಾರಾಯಿ ನಿಂತಾಗ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ನಡುಕ, ಫಿಟ್ಸ್, ಬಡಬಡಿಕೆಯಿಂದ ಜನ ಸಾಲುಗಟ್ಟಿ ಬಂದರು. ಗುರುಮಠಕಲ್, ಸೇಡಂ, ಬೀದರದ ಗಡಿ ಊರುಗಳಿಂದ ಆಚೆ ಹೋಗಿ ಕುಡಿದು ಬರುವವರು, ಮನೆಗೆ ಬಂದು ಅದರ ಮೇಲೆ ಆತಂಕದ ಗುಳಿಗೆಯನ್ನೂ ತೆಗೆದುಕೊಂಡರೆ ಒಂದೇ ವಿಷವನ್ನು ಎರಡು ಕಡೆಯಿಂದ ತೆಗೆದುಕೊಂಡಂತೆ. ಡಾಕ್ಟರ ಮುಂದೆ ಕುಡಿತವನ್ನು ಮುಚ್ಚಿಡಬೇಡಿ. ಅವರು ಬೈಯಲು ಕೇಳುವುದಿಲ್ಲ, ಡೋಸ್ ಲೆಕ್ಕ ಹಾಕಲು ಕೇಳುತ್ತಾರೆ. ಬೇಗದ ಗುಳಿಗೆಯ ಜೊತೆ ಬೇರೇನೂ ಸೇರದಿದ್ದರೆ ಅದು ಜೀವ ತೆಗೆಯುವುದು ಅಪರೂಪ. ಸಾರಾಯಿ ಜೊತೆ, ಟ್ರಮಡಾಲ್‌ನಂಥ ನೋವಿನ ಗುಳಿಗೆ ಜೊತೆ, ಕೊಡೀನ್ ಇರುವ ಕೆಮ್ಮಿನ ಔಷಧದ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು.

ಇನ್ನು ಗಜಕರ್ಣ. ನಮ್ಮ ಸೆಕೆಗೆ, ಬೆವರಿಗೆ ತೊಡೆಸಂದಿಯ ಗಜಕರ್ಣ ಎಲ್ಲರ ಮನೆಯಲ್ಲೂ ಇದೆ. ಅದಕ್ಕೆ ವಾರಗಟ್ಟಲೆ ಇಟ್ರಾಕೊನಜೋಲ್ ಬರೆಯುತ್ತಾರೆ. ಆ ಔಷಧ ಅಲ್ಪ್ರಾಜೋಲಮ್ ಮೈಯಿಂದ ಹೊರಹೋಗುವುದನ್ನು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಕೊಡಬಾರದು ಎಂದೇ ಔಷಧದ ಮಾಹಿತಿ ಪತ್ರದಲ್ಲಿದೆ. ತೆಗೆದುಕೊಂಡರೆ ಒಂದು ಗುಳಿಗೆ ಹಲವು ಗುಳಿಗೆಯಂತೆ ಕೆಲಸ ಮಾಡುತ್ತದೆ, ಹಗಲೆಲ್ಲ ತೂಕಡಿಕೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ಉಲ್ಟಾ, ಆತಂಕದ ಗುಳಿಗೆಯ ಶಕ್ತಿಯನ್ನು ಇಳಿಸುತ್ತದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲೈನಜೋಲಿಡ್ ಎಸ್ಸಿಟಾಲೊಪ್ರಾಮ್ ಮನೆತನದ ಜೊತೆ ಸೇರಿದರೆ ಅಪಾಯ. ಟ್ರಮಡಾಲ್ ಕೂಡ ಹಾಗೇ. ಮಂಡಿನೋವಿಗೆ ತಿನ್ನುವ ಡೈಕ್ಲೊಫೆನಾಕ್‌ನಂಥ ಗುಳಿಗೆ ಈ ಮನೆತನದ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಸಂಭವ ಜಾಸ್ತಿ. ಇದನ್ನೆಲ್ಲ ನೆನಪಿಡುವುದು ಯಾರಿಗೂ ಆಗದ ಮಾತು. ಅದಕ್ಕೇ ಒಂದು ಸುಲಭದ ಉಪಾಯ: ಚರ್ಮದ ಡಾಕ್ಟರಿರಲಿ, ಹಲ್ಲಿನ ಡಾಕ್ಟರಿರಲಿ, ಮನೆಯ ಎಲ್ಲ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ನಿಧಾನದ ಗುಳಿಗೆಯನ್ನು ಹಿಡಿದುಕೊಳ್ಳುವುದು

ಎಸ್ಸಿಟಾಲೊಪ್ರಾಮ್, ಸರ್ಟ್ರಾಲೀನ್ ಇವುಗಳ ಬಗ್ಗೆ ಇರುವ ದೊಡ್ಡ ಭಯ ‘ಚಟ ಆಗ್ತದ’ ಎಂಬುದು. ಇವು ಚಟ ಹಿಡಿಸುವುದಿಲ್ಲ. ಇನ್ನೂ ಬೇಕು ಇನ್ನೂ ಬೇಕು ಎಂದು ಜೀವ ಎಳೆಯುವುದಿಲ್ಲ. ಹಾಗೆಂದು ತಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಸಣ್ಣ ಶಾಕ್ ಹೊಡೆದಂತೆ, ಸಿಡಿಮಿಡಿ ಬರಬಹುದು. ಪ್ಯಾರಾಕ್ಸೆಟೀನ್‌ನಲ್ಲಿ ಇದು ಜಾಸ್ತಿ.

ಮೊದಲ ಎರಡು ವಾರವನ್ನು ದಾಟುವುದೇ ದೊಡ್ಡ ಕೆಲಸ. ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ನಿದ್ದೆ ಕೆಡಿಸಿದರೆ ಬೆಳಿಗ್ಗೆಗೆ, ತೂಕಡಿಕೆ ತಂದರೆ ರಾತ್ರಿಗೆ ಬದಲಿಸಬಹುದು, ಡಾಕ್ಟರನ್ನು ಕೇಳಿ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ. ಗುಣವಾಯಿತು ಎಂದ ಮೇಲೂ ಕನಿಷ್ಠ ಆರು ತಿಂಗಳು, ಹಲವರಿಗೆ ಒಂದು ವರ್ಷ ಮುಂದುವರಿಸುತ್ತಾರೆ. ಅದಕ್ಕೆ ಮೊದಲೇ ಬಿಟ್ಟರೆ ಆತಂಕ ಮರಳಿ ಬರುವ ಸಂಭವ ಹೆಚ್ಚು. ಕೆಲವರಿಗೆ ಲೈಂಗಿಕ ಆಸಕ್ತಿ ಇಳಿಯುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ನಾಚಿ ಸುಮ್ನೆ ಗುಳಿಗೆಯನ್ನೇ ಬಿಡುವವರು ಎಷ್ಟೋ ಮಂದಿ. ಡೋಸ್ ಕಡಿಮೆ ಮಾಡುವ, ಔಷಧ ಬದಲಿಸುವ ದಾರಿಗಳಿವೆ, ಆದರೆ ನೀವು ಹೇಳಿದರೆ ಮಾತ್ರ.

25ರೊಳಗಿನ ಮಕ್ಕಳಿಗೆ, ಹುಡುಗರಿಗೆ ಈ ಔಷಧ ಶುರು ಮಾಡಿದಾಗ ಮನೆಯವರು ಮೊದಲ ವಾರಗಳಲ್ಲಿ ಕಣ್ಣಿಟ್ಟಿರಬೇಕು. ಕೆಲವರಲ್ಲಿ ಸಾಯುವ ಯೋಚನೆ ಹೆಚ್ಚುವ ಸಂಭವವಿದೆ. ಅಂಥ ಮಾತು ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ, ಗುಳಿಗೆಗಳನ್ನು ಮನೆಯ ಹಿರಿಯರು ತಮ್ಮ ಹತ್ತಿರ ಇಟ್ಟುಕೊಳ್ಳಿ, ಆ ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ. ವಯಸ್ಸಾದವರಲ್ಲಿ ಇದೇ ಗುಳಿಗೆ ರಕ್ತದ ಸೋಡಿಯಂ ಇಳಿಸಬಹುದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಬಿಪಿಗೆ ಮೂತ್ರ ಹೋಗುವ ಗುಳಿಗೆಯನ್ನೂ ತೆಗೆದುಕೊಳ್ಳುವ ಅಜ್ಜ ಅಜ್ಜಿಯರು ಮಂಕಾದರೆ, ತಡವರಿಸಿದರೆ ‘ವಯಸ್ಸಾತು’ ಎಂದು ಬಿಡದೆ ಸೋಡಿಯಂ ನೋಡಿಸಿ. ಬೇಗದ ಗುಳಿಗೆ ತೆಗೆದುಕೊಳ್ಳುವ ಹಿರಿಯರು ರಾತ್ರಿ ಎದ್ದು ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುತ್ತಾರೆ. ಟ್ರ್ಯಾಕ್ಟರ್, ಬೈಕ್, ಲಾರಿ ಓಡಿಸುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಬಸುರಿಯಾದವರು ಗಾಬರಿಯಾಗಿ ಗುಳಿಗೆ ಎಸೆಯಬೇಡಿ, ಬದಲಿಸಬೇಕಾ ಮುಂದುವರಿಸಬೇಕಾ ಎಂದು ಆ ವಾರವೇ ಕೇಳಿ.

ರಂಜಾನ್ ತಿಂಗಳಲ್ಲಿ, ಶ್ರಾವಣದ ಸೋಮವಾರಗಳಲ್ಲಿ ಗುಳಿಗೆ ತಪ್ಪಿಸುವವರು ನಮ್ಮಲ್ಲಿ ಬಹಳ. ಎಸ್ಸಿಟಾಲೊಪ್ರಾಮ್ ದಿನಕ್ಕೊಂದೇ ಸಲದ ಗುಳಿಗೆ. ಇಫ್ತಾರಿನ ನಂತರಕ್ಕೋ ರಾತ್ರಿ ಫಲಾಹಾರದ ನಂತರಕ್ಕೋ ಹೊಂದಿಸಿಕೊಳ್ಳಬಹುದು. ರೋಜಾಕ್ಕೆ ಎರಡು ವಾರ ಮೊದಲೇ ಡಾಕ್ಟರನ್ನು ಕೇಳಿಬಿಡಿ. ಬಂದೇ ನವಾಜರ ದರ್ಗಾಕ್ಕೆ ಹೋಗಿ, ಶರಣಬಸವೇಶ್ವರರ ಗುಡಿಗೆ ಹೋಗಿ, ಮನಸ್ಸಿಗೆ ಅಲ್ಲಿ ನೆಮ್ಮದಿ ಸಿಗುತ್ತದೆ ಅಂದರೆ ಬಿಡಬೇಡಿ. ಗುಳಿಗೆಯನ್ನೂ ಬಿಡಬೇಡಿ. ಮತ್ತೆ ಗುಳಿಗೆಯನ್ನು ತಗಡಿನ ಮನೆಯ ಮಾಡಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಹೊರಗೆ 43 ಡಿಗ್ರಿ ಇದ್ದಾಗ ಅಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಕತ್ತಲೆಯ ತಂಪು ಗೂಡು ಸಾಕು, ಮಕ್ಕಳ ಕೈಗೆ ಸಿಗಬಾರದು.

ಗುಳಿಗೆಯಷ್ಟೇ ಕೆಲಸ ಮಾಡುವ ಇನ್ನೊಂದು ಚಿಕಿತ್ಸೆ ಮಾತಿನದು. ಗಾಬರಿಯ ಯೋಚನೆಗಳನ್ನು ಹಿಡಿದು ಪರೀಕ್ಷಿಸುವುದನ್ನು, ಹೆದರಿದ್ದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದನ್ನು ಅದರಲ್ಲಿ ಕಲಿಸುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಅದನ್ನು ಕಲಿಸುವವರು ಕಡಿಮೆ, ಅದೇ ಕೊರತೆ.

ಎಲ್ಲಿಗೆ ಹೋಗಬೇಕು? ಕಲಬುರಗಿಯ ಜಿಮ್ಸ್, ಬೀದರದ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ನಿಮ್ಮ ತಾಲೂಕಿಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ.

ಇಳಿಯುವ ದಾರಿ

ಬೇಗದ ಗುಳಿಗೆಯನ್ನು ಬಿಡಿಸುವುದಕ್ಕೆ ಒಂದೇ ಅಳತೆ ಇಲ್ಲ. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸಿನ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸುವುದರಿಂದ ಶುರು ಮಾಡಿ ಎನ್ನುತ್ತದೆ. ಎರಡು ವಾರಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸಬಾರದು. ಇದನ್ನು ಮನೆಯಲ್ಲಿ ಕೂತು ನಾವೇ ಮಾಡಿಕೊಳ್ಳುವಂತಿಲ್ಲ. ಫಿಟ್ಸ್ ಬಂದವರಿಗೆ, ಕುಡಿಯುವವರಿಗೆ, ದೊಡ್ಡ ಡೋಸ್ ಇರುವವರಿಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಇಳಿಸಬೇಕಾಗಬಹುದು. ಎಸ್‌ಆರ್, ಸಿಆರ್ ಎಂದು ಬರೆದ ಗುಳಿಗೆಗಳು ನಿಧಾನವಾಗಿ ಕರಗುವಂಥವು, ಅವನ್ನು ಮುರಿಯಲೇಬಾರದು.

ಚಿಗವ್ವ ಈಗ ಮನೋವೈದ್ಯರ ಹತ್ತಿರ ಹೋಗುತ್ತಾಳೆ. ನಿಧಾನದ ಗುಳಿಗೆ ಮತ್ತೆ ಶುರುವಾಗಿದೆ, ಈ ಸಲ ಹೊಟ್ಟೆ ತೊಳಸಿದರೂ ಬಿಡಲಿಲ್ಲ. ಅಲ್ಪ್ರಾಜೋಲಮ್ ನಾಲ್ಕರಿಂದ ಮೂರೂವರೆಗೆ, ಮೂರಕ್ಕೆ, ಹೀಗೆ ಒಂದು ವರ್ಷದ ಮೇಲೆ ಇಳಿಯುತ್ತ ಬಂತು. ಅಡುಗೆಮನೆಯ ಕ್ಯಾಲೆಂಡರಿನ ಮನೆಗಳಲ್ಲಿ ದಿನಾ ಪೆನ್ಸಿಲಿನಿಂದ ಬರೆದಿಡುತ್ತಾಳೆ. ನಡುವೆ ಒಂದು ಸಲ ಕೆಟ್ಟ ವಾರ ಬಂದಾಗ ಡಾಕ್ಟರು ಇಳಿಸುವುದನ್ನು ನಿಲ್ಲಿಸಿ, ಇದ್ದಲ್ಲೇ ಇರಿ ಅಂದರು. ಈಗ ಅರ್ಧ ಗುಳಿಗೆಯ ಹತ್ತಿರ ಎರಡು ತಿಂಗಳಿಂದ ನಿಂತಿದ್ದಾಳೆ. ‘ಇದೊಂದು ಬಿಡಾಕ ಅಂಜಿಕಿ ಬರ್ತದ’ ಅನ್ನುತ್ತಾಳೆ. ಡಾಕ್ಟರು ಅವಸರ ಮಾಡಿಲ್ಲ. ಮುಂದಿನ ಮಂಗಳವಾರ ಮತ್ತೆ ಹೋಗಬೇಕು, ನಾನೂ ಜೊತೆಗೆ ಹೋಗುತ್ತೇನೆ.